ನೀವು ನೋಡದೆ ಬಿಟ್ಟ ಮೂರನೆಯ ಮೂಗು

ಮಾನ್ಯ ಸೋಂಕು ನಿಯಂತ್ರಣಾಧಿಕಾರಿಗಳೇ,

ಕಳೆದ ತಿಂಗಳು ತಮ್ಮ ಕಚೇರಿಯವರು ನನ್ನ ಮೂಗಿನೊಳಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ತಿರುವಿದರು. ಅಲ್ಲಿ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡಿದೆ ಎಂದು ಕಂಡುಹಿಡಿದರು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಯ ಮಂಚದ ಪಕ್ಕ ಕೂರಲು ನಾನು ಅನರ್ಹ ಎಂದು ತೀರ್ಪು ಕೊಟ್ಟರು. ಅದೇ ಪೊಟ್ಟಣದ ಇನ್ನೊಂದು ಕಡ್ಡಿಯನ್ನು ನನ್ನ ನಾದಿನಿಯ ಮೂಗಿಗೆ ಹಾಕಿ, ಅದು ಶುದ್ಧವಾಗಿದೆ ಎಂದು ಅವಳ ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟಿದರು. ಇಷ್ಟೆಲ್ಲ ಮಾಡಿದವರು ಮೂರನೆಯ ಮೂಗನ್ನು, ಅಂದರೆ ಮಂಡಿ ಕೊಯ್ಸಿಕೊಳ್ಳಲಿದ್ದ ನನ್ನ ಹೆಂಡತಿಯ ಮೂಗನ್ನು, ನೋಡಲೇ ಇಲ್ಲ. ನನ್ನ ದೂರು ಇದು. ಇದನ್ನು ಮೂರು ಸಲ ಅರ್ಜಿ ಬರೆದು ಕೊಟ್ಟಿದ್ದೇನೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಮುದ್ರೆ ಬಿದ್ದಿದೆ. ಈಗ ಅವಳ ಗಾಯದಲ್ಲಿ ಅದೇ ಬ್ಯಾಕ್ಟೀರಿಯಾ ಕೂತಿದೆ. ಬರುವ ಶುಕ್ರವಾರ ಎರಡನೆಯ ಸಲ ಗಾಯ ಬಿಚ್ಚಿ ತೊಳೆಯುತ್ತಾರೆ, ಆಗಲೂ ಸೋಂಕು ಜಗ್ಗದಿದ್ದರೆ ಕೂರಿಸಿದ ಹೊಸ ಮಂಡಿಯನ್ನೇ ತೆಗೆಯಬೇಕಾಗುತ್ತದೆ ಎಂದು ಮೂಳೆ ವೈದ್ಯರು ಹೇಳಿದ್ದಾರೆ. ಆದ್ದರಿಂದ ಈ ಸಲದ ಅರ್ಜಿಯನ್ನು ತಮ್ಮ ಗುಮಾಸ್ತರ ಕೈಗೆ ಕೊಡದೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಈ ಪತ್ರದಲ್ಲಿ ನ್ಯಾಯ ಅರ್ಧ, ಹೊಟ್ಟೆಕಿಚ್ಚು ಅರ್ಧ. ಯಾವ ಅರ್ಧ ಎಲ್ಲಿ ಮುಗಿಯುತ್ತದೆ ಎಂದು ಬರೆಯುತ್ತಿರುವ ನನಗೇ ಸರಿಯಾಗಿ ಗೊತ್ತಿಲ್ಲ. ಅರವತ್ತೆರಡು ವರ್ಷದ ಗಂಡಸು ಇನ್ನೊಬ್ಬರ ಮೂಗು ಕಂಡು ಕರುಬುವುದು ಶೋಭೆಯಲ್ಲ ಎಂದು ತಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ತಮ್ಮ ವಾರ್ಡಿನ ಬಾಗಿಲ ಹೊರಗೆ ಒಂಬತ್ತು ದಿನ ನಿಂತ ಮೇಲೆ ಶೋಭೆಯ ವಿಚಾರ ಬಿಟ್ಟುಬಿಟ್ಟೆ.

ನಾನು ಬೀಗ ರಿಪೇರಿ ಮಾಡುವವನು. ಔಷಧಿ ಅಂಗಡಿಗೂ ಫೋಟೋ ಸ್ಟುಡಿಯೋಗೂ ನಡುವೆ ಎರಡು ಮಾರು ಅಗಲದ ಜಾಗದಲ್ಲಿ ಕೂತು, ನಲವತ್ತು ವರ್ಷದಿಂದ ಈ ಊರಿನವರು ಕಳೆದುಕೊಂಡ ಬೀಗದ ಕೈಗಳನ್ನು ಮತ್ತೆ ಮಾಡಿಕೊಟ್ಟಿದ್ದೇನೆ. ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ, ಕಾಲಲ್ಲಿ ಬಿಳಿ ಬೂಟು, ಮೂಗಿನ ತುದಿಯಲ್ಲೇ ಕೋಪ. ಮೂರು ದಶಕ ಮಕ್ಕಳ ಜೊತೆ ಹಾರಿ ಕುಣಿದು ಬಲ ಮಂಡಿ ಪೂರ್ತಿ ಸವೆದುಹೋಯಿತು. ಕಳೆದ ವರ್ಷ ಮೆಟ್ಟಿಲು ಹತ್ತುವಾಗ ನನ್ನ ಹೆಗಲು ಹಿಡಿದಳು. ಅದಕ್ಕೂ ಮೊದಲು ಅವಳು ಯಾರ ಹೆಗಲನ್ನೂ ಹಿಡಿದವಳಲ್ಲ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರೇ, ಒಂದು ಮಂಚ, ಬಚ್ಚಲಲ್ಲಿ ಎಷ್ಟು ಹೇಳಿದರೂ ಬೇರೆ ಬೇರೆಯಾಗದ ಎರಡು ಟವೆಲು.

ಪರೀಕ್ಷೆಯ ದಿನ ಹೇಗಿತ್ತೆಂದು ತಾವು ತಿಳಿಯಬೇಕು, ಏಕೆಂದರೆ ತಾವು ಆ ಕೋಣೆಗೆ ಬಂದದ್ದನ್ನು ನಾನು ನೋಡಲಿಲ್ಲ. ಶಸ್ತ್ರಚಿಕಿತ್ಸೆಗೆ ಇನ್ನೂ ಎಂಟು ದಿನವಿತ್ತು. ರೋಗಿಯ ಜೊತೆ ಇರುವವರೆಲ್ಲ ಮೂಗಿನ ಪರೀಕ್ಷೆ ಮಾಡಿಸಬೇಕು ಎಂಬ ತಮ್ಮ ಹೊಸ ನಿಯಮ ಗೋಡೆಯ ಮೇಲಿತ್ತು. ನಾನು, ನಾದಿನಿ ಇಬ್ಬರೂ ಬೆಂಚಿನ ಮೇಲೆ ಕೂತೆವು. ನನ್ನ ಮೂಗಿನಿಂದ ಕಡ್ಡಿ ಹೊರಗೆ ಬಂದಾಗ ಹತ್ತಿ ಕಪ್ಪಗಾಗಿತ್ತು. ಲ್ಯಾಬಿನ ಹುಡುಗಿ ಗಾಬರಿಯಾದಳು. ಬೀಗ ಸಲೀಸಾಗಿ ತಿರುಗಲು ಪೆನ್ಸಿಲ್ ಸೀಸದ ಪುಡಿ ಊದುತ್ತೇವೆ, ಅದು ಎಂದು ವಿವರಿಸಿದೆ. ನಾದಿನಿ ಮುಖ ಆ ಕಡೆ ತಿರುಗಿಸಿ ನಕ್ಕಳು. ಅವಳ ಕಡ್ಡಿ ಹೋದಷ್ಟೇ ಬೆಳ್ಳಗೆ ಹೊರಗೆ ಬಂತು.

ನಾನು ಕಾರ್ಯಾಲಯದ ಗುಮಾಸ್ತರನ್ನು ಕೇಳಿದೆ, ನನ್ನ ಹೆಂಡತಿಯದು ಯಾವಾಗ ಎಂದು. ಅವರು ಫಾರಂ ತಿರುಗಿಸಿ ತೋರಿಸಿದರು. "ಪೇಷೆಂಟ್‌ದು ಇದರಲ್ಲಿ ಬರಲ್ಲ ಸಾರ್. ಇದು ಜೊತೆಯವರ ಫಾರಂ."

ರೋಗಿಯ ಫಾರಂ ಎಲ್ಲಿ ಎಂದರೆ, ಅದರಲ್ಲಿ ಮೂಗಿನ ಕಾಲಂ ಇಲ್ಲವಂತೆ. ಹಲ್ಲಿನದಿದೆ, ಉಗುರಿನದಿದೆ, ಉಗುರುಬಣ್ಣ ಅಳಿಸಿದ್ದಾರೆಯೇ ಎಂಬುದಕ್ಕೆ ಪ್ರತ್ಯೇಕ ಚೌಕವಿದೆ. ಮೂಗಿಲ್ಲ. ತಮ್ಮ ಆಸ್ಪತ್ರೆಯ ದಾಖಲೆಗಳ ಪ್ರಕಾರ ರೋಗಿಗಳಿಗೆ ಮೂಗೇ ಇರುವುದಿಲ್ಲ, ಅದು ನೆಂಟರಿಗೆ ಮಾತ್ರ ಇರುವ ಅಂಗ.

ಮೂರನೆಯ ದಿನ ಫಲಿತಾಂಶ ಬಂತು. ನನ್ನ ಹೆಸರಿನ ಮುಂದೆ ‘ವಾಹಕ’ ಎಂದಿತ್ತು. ಆ ಪದ ನೋಡಿ ನನಗೆ ಏನೋ ದೊಡ್ಡ ಕಾಯಿಲೆಯೇ ಬಂದಿದೆ ಅನ್ನಿಸಿತು. ಲ್ಯಾಬಿನ ಹುಡುಗಿ ಸಮಾಧಾನವಾಗಿ ತಿಳಿಸಿ ಹೇಳಿದಳು. ಮೂರು ನಾಲ್ಕು ಜನರಲ್ಲಿ ಒಬ್ಬರ ಮೂಗಿನಲ್ಲಿ ಇದು ಇದ್ದೇ ಇರುತ್ತದಂತೆ. ಹೊಸ್ತಿಲ ಹತ್ತಿರ, ಕೂದಲಿರುವ ಜಾಗದಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ. ಇಟ್ಟುಕೊಂಡವರಿಗೆ ಏನೂ ಮಾಡುವುದಿಲ್ಲ. ಕೊಯ್ದ ಗಾಯಕ್ಕೆ ಇಳಿದರೆ ಮಾತ್ರ ರಾಕ್ಷಸ. ಐದು ದಿನ ಬೆಳಗ್ಗೆ ಸಂಜೆ ಮೂಗಿನೊಳಗೆ ಹಚ್ಚಲು ಒಂದು ಮುಲಾಮು ಕೊಟ್ಟಳು. ಮತ್ತೆ ಪರೀಕ್ಷೆ ಯಾವಾಗ ಎಂದರೆ, ಮೊದಲ ಪರೀಕ್ಷೆಯಿಂದ ಹದಿನಾಲ್ಕು ದಿನ ಕಳೆಯಬೇಕು ಎಂದು ತಮ್ಮ ನಿಯಮವಿದೆಯಂತೆ. ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಗಿದು ಆರು ದಿನವಾಗಿರುತ್ತದೆ.

ಮಾನ್ಯರೇ, ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಫಲಿತಾಂಶ ಬಂದ ದಿನದಿಂದ ಶಸ್ತ್ರಚಿಕಿತ್ಸೆಗೆ ಸರಿಯಾಗಿ ಐದು ದಿನವಿತ್ತು. ಆ ಐದೂ ದಿನ ನನ್ನ ಹೆಂಡತಿ ನನ್ನ ಮನೆಯಲ್ಲೇ ಇದ್ದಳು. ನನ್ನ ಪಕ್ಕದಲ್ಲೇ ಮಲಗಿದಳು. ನಾನು ಕನ್ನಡಿಯ ಮುಂದೆ ನಿಂತು ಮೂಗಿಗೆ ಮುಲಾಮು ತುರುಕಿಕೊಳ್ಳುವುದನ್ನು ನೋಡಿ, ಎಡಗಡೆ ಸರಿಯಾಗಿ ಆಗಿಲ್ಲ ಎಂದು ಆಟದ ಟೀಚರಿನ ದನಿಯಲ್ಲಿ ತಿದ್ದುತ್ತಿದ್ದಳು. ಅವಳ ನೆಗಡಿ ನನಗೆ ಬರದೆ ಹೋದ ವರ್ಷ ಒಂದಿಲ್ಲ. ನನಗೆ ಬಂದ ಕೆಮ್ಮು ಅವಳಿಗೆ ದಾಟದ ಚಳಿಗಾಲವಿಲ್ಲ. ಒಂದೇ ದಿಂಬಿನ ಮೇಲೆ ಮೂವತ್ತೊಂದು ವರ್ಷ ಉಸಿರಾಡಿದ ಎರಡು ಮೂಗುಗಳಲ್ಲಿ ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರಲಾರದೆ? ಅದೇ ಟ್ಯೂಬಿನಿಂದ ಅವಳಿಗೂ ಒಂದೊಂದು ಬೊಟ್ಟು ಹಚ್ಚಿದ್ದರೆ ತಮ್ಮ ಬೊಕ್ಕಸ ಬರಿದಾಗುತ್ತಿತ್ತೆ? ನಾನೇ ಹಚ್ಚಿಬಿಡಲೇ ಎಂದು ಯೋಚಿಸಿದೆ. ವೈದ್ಯರು ಬರೆಯದ ಮದ್ದು ಬೇಡ ಎಂದು ಅವಳೇ ತಡೆದಳು. ಶಿಸ್ತಿನ ಹೆಂಗಸು ಅವಳು. ಶಿಸ್ತು ತಮ್ಮ ಕಡೆಯೂ ಇರುತ್ತದೆ ಎಂದು ನಂಬಿದ್ದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿದೆ. ತಾವು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಎತ್ತಿಗೆ ಜ್ವರವಿದೆಯೋ ಇಲ್ಲವೋ ನೋಡದೆ ಎಮ್ಮೆಯನ್ನು ಕೊಟ್ಟಿಗೆಯಿಂದ ಹೊರಗೆ ಹಾಕಿದಿರಿ. ಆ ಎಮ್ಮೆ ನಾನು.

ಈಗ ನಾದಿನಿಯ ವಿಷಯ. ಮನೆಯವರೆಲ್ಲ ಅವಳನ್ನು ಗಿಣಿ ಎನ್ನುತ್ತಾರೆ. ನನ್ನ ಹೆಂಡತಿಗಿಂತ ಆರು ವರ್ಷ ಚಿಕ್ಕವಳು, ಊರಿನ ಇನ್ನೊಂದು ತುದಿಯಲ್ಲಿ ಒಬ್ಬಳೇ ಇದ್ದಾಳೆ. ಸೆಂಟು ಮಾರುವ ದೊಡ್ಡ ಅಂಗಡಿಯಲ್ಲಿ ಕೆಲಸ. ಮೂಗೇ ಅವಳ ಬಂಡವಾಳ. ಕಣ್ಣು ಮುಚ್ಚಿಕೊಂಡು ನಲವತ್ತು ಬಾಟಲಿಗಳನ್ನು ಹೆಸರು ಹಿಡಿದು ಹೇಳುತ್ತಾಳಂತೆ. ಅವಳು ಕೆಟ್ಟವಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಕೆಟ್ಟವಳಲ್ಲ. ಅಕ್ಕ ಎಂದರೆ ಪ್ರಾಣ. ಪ್ರತಿ ಭಾನುವಾರ ಬಂದು ಒಳಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಅಕ್ಕತಂಗಿಯರಿಬ್ಬರೂ ಎರಡು ಗಂಟೆ ಮಾತಾಡುತ್ತಾರೆ. ಒಳಗಿನಿಂದ ನನ್ನ ಹೆಂಡತಿ ನಗುವುದು ಕೇಳಿಸುತ್ತದೆ, ಉಸಿರು ಕಟ್ಟಿ ಗೊರಕೆಯ ಹಾಗೆ ಮೂಗಿನಿಂದ ಬರುವ ನಗು. ಆ ನಗುವನ್ನು ನಾನು ಬಾಗಿಲ ಈಚೆಯಿಂದ ಮಾತ್ರ ಕೇಳಿದ್ದೇನೆ. ನನ್ನ ಎದುರಿಗೆ ಅವಳು ಬೇರೆ ಥರ ನಗುತ್ತಾಳೆ, ಅದೂ ಒಳ್ಳೆಯ ನಗುವೇ. ಆದರೆ ನನಗೆ ಬೇಕಾಗಿದ್ದದ್ದು ಅದಲ್ಲ.

ಮೂವತ್ತೊಂದು ವರ್ಷ ಇದನ್ನು ನುಂಗಿಕೊಂಡಿದ್ದೆ. ತಮ್ಮ ಕಚೇರಿ ಬಂದು ಅದಕ್ಕೊಂದು ಸರ್ಕಾರಿ ಮುದ್ರೆ ಒತ್ತಿತು. ಇವಳು ಒಳಗೆ, ಇವನು ಹೊರಗೆ.

ತಮ್ಮ ವಾರ್ಡಿನ ಬಾಗಿಲಿಗೆ ಅಂಗೈ ಅಗಲದ ಗಾಜಿದೆ. ಅದರ ಮುಂದೆ ಪಾಳಿಯಲ್ಲಿ ಒಬ್ಬ ಕಾವಲಿನವನು ಕೂರುತ್ತಾನೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮಾರನೆಯ ದಿನ ಬೆಳಗ್ಗೆ ಆ ಗಾಜಿನಿಂದ ನೋಡಿದೆ. ಗಿಣಿ ನನ್ನ ಹೆಂಡತಿಯ ತಲೆ ಬಾಚುತ್ತಿದ್ದಳು. ನಡುಬೈತಲೆ ತೆಗೆದು, ಎರಡು ಭಾಗ ಮಾಡಿ, ಒಂದೊಂದು ಸಿಕ್ಕನ್ನೂ ಬೆರಳಿನಿಂದ ಬಿಡಿಸಿ. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ಮುಖದಲ್ಲಿ ನೋವಿರಲಿಲ್ಲ. ನಾನು ಸಂತೋಷಪಡಬೇಕಿತ್ತು. ಕರುಬಿದೆ. ಗಿಣಿಯ ಕೈಚಳಕಕ್ಕಲ್ಲ, ಒಳ್ಳೆಯ ಗುಣಕ್ಕಲ್ಲ, ಒಂದು ಮೂಗಿನ ಭಾಗ್ಯಕ್ಕೆ ಆ ಬಾಚಣಿಗೆ ಅವಳ ಕೈಗೆ ಬಂದಿತ್ತು. ನಾಯಿಗಿರುವಷ್ಟು ಚುರುಕು ಮೂಗು, ಮೇಲಿಂದ ಅದರೊಳಗೆ ಒಂದು ಕ್ರಿಮಿಯೂ ಇಲ್ಲ. ದೇವರು ಕೊಡುವಾಗ ಒಬ್ಬರಿಗೇ ಎಲ್ಲ ಕೊಡುತ್ತಾನೆ.

ಆ ಬಾಗಿಲಿಗೆ ಇರುವುದು ಐದು ಪಿನ್ನಿನ ಸಾಧಾರಣ ಬೀಗ. ಕಾವಲಿನವನು ಚಹಾ ಕುಡಿಯಲು ಹೋದಾಗ ನಲವತ್ತು ಎಣಿಸುವುದರೊಳಗೆ ತೆಗೆಯಬಲ್ಲೆ. ತೆಗೆಯಲಿಲ್ಲ. ಕೆಲಸ ಕಲಿಸಿದ ಯಜಮಾನರು ಮೊದಲ ದಿನವೇ ಹೇಳಿದ್ದರು, ಒಳಗಿರುವವರು ಕರೆಯದೆ ಯಾವ ಬಾಗಿಲನ್ನೂ ತೆಗೆಯಬೇಡ ಎಂದು. ಒಳಗಿದ್ದವಳು ನನ್ನನ್ನು ಕರೆಯಲಿಲ್ಲ. ಕರೆಯಲು ಅವಳಿಗೆ ಅಗತ್ಯವೂ ಕಾಣಲಿಲ್ಲ.

ಎರಡನೆಯ ದಿನ ಗಿಣಿ ಹೊರಗೆ ಬಂದು, "ಭಾವ, ಅಕ್ಕನ ಕಪಾಟಿನ ಬೀಗ ಕಚ್ಚಿಕೊಂಡಿದೆ. ಕನ್ನಡಕ, ಫೋನು ಎಲ್ಲಾ ಒಳಗೇ ಇದೆ" ಎಂದಳು. ಮಂಚದ ಪಕ್ಕದ ಸಣ್ಣ ಕಪಾಟದು. ಆಸ್ಪತ್ರೆಯ ರಿಪೇರಿಯವರು ಎರಡು ದಿನ ಬಿಟ್ಟು ಬರುತ್ತಾರಂತೆ. ನರ್ಸಮ್ಮನ ಕತ್ತರಿ ತೆಗೆದುಕೊಂಡು ತಾನೇ ಎಬ್ಬಿಬಿಡುತ್ತೇನೆ ಎಂದು ಹೊರಟಿದ್ದಳು. ನನಗೆ ಮೈಯೆಲ್ಲ ಕಿವಿಯಾಯಿತು. ಮೊದಲ ಸಲ ಆ ಕೋಣೆಯೊಳಗೆ ನನ್ನ ಕೈಯಿಂದ ಮಾತ್ರ ಆಗುವ ಕೆಲಸವೊಂದು ಹುಟ್ಟಿತ್ತು. ಇದನ್ನೂ ಇವಳೇ ಮಾಡಿ ಭೇಷ್ ಅನ್ನಿಸಿಕೊಂಡರೆ ನಾನು ಯಾಕಿರಬೇಕು? ನಾಲ್ಕು ಸ್ಕ್ರೂ ಬಿಚ್ಚುವುದು ಹೇಗೆಂದು ಮೆಟ್ಟಿಲ ಮೇಲೆ ನಿಂತು ಅವಳಿಗೆ ಪಾಠ ಮಾಡಿದೆ. ಉಗುರು ತಿಕ್ಕುವ ಕಬ್ಬಿಣದ ಪಟ್ಟಿಯಿಂದಲೇ ಬಿಚ್ಚಿಕೊಂಡು ಬಂದಳು. ಕೈಗೆ ಬಂದದ್ದು ಕೀ ಹಾಕುವ ಭಾಗ ಮಾತ್ರ, ಅಗುಳಿ ಒಳಗೇ ಕಚ್ಚಿಕೊಂಡು ಕಪಾಟು ಇನ್ನೂ ಮುಚ್ಚಿಯೇ ಇತ್ತು. ಜಾಣೆ. ಬೀಗ ಹಿಡಿದುಕೊಂಡು ಅಂಗಡಿಗೆ ಓಡಿದೆ. ಒಳಗಿನ ಸ್ಪ್ರಿಂಗ್ ಬದಲಿಸಿ, ಹೊಸ ಕೀ ಅರದಲ್ಲಿ ಉಜ್ಜಿ, ಒಂದು ಗಂಟೆಯೊಳಗೆ ವಾಪಸು ಬಂದೆ.

ಈಗ ತಪ್ಪೊಪ್ಪಿಗೆ. ಹೊಸ ಕೀಯನ್ನು ಬೀಗಕ್ಕೆ ಹಾಕುವ ಮೊದಲು ಮೂಗಿನ ಪಕ್ಕದ ಜಿಡ್ಡಿಗೆ ಒಮ್ಮೆ ಸವರಿಕೊಳ್ಳುವುದು ನನ್ನ ಯಜಮಾನರಿಂದ ಬಂದ ಅಭ್ಯಾಸ. ಎಣ್ಣೆ ಹಾಕಿದರೆ ಧೂಳು ಕೂರುತ್ತದೆ, ಮೂಗಿನ ಜಿಡ್ಡಾದರೆ ಬೇಕಾದಷ್ಟೇ, ಕೀ ನುಣ್ಣಗೆ ಹೋಗುತ್ತದೆ. ನಲವತ್ತು ವರ್ಷದಲ್ಲಿ ಹಾಗೆ ಸವರದ ಕೀ ನನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ. ಅದನ್ನೂ ಸವರಿದೆ. ಸವರಿದ ಮೇಲೆ ನೆನಪಾಯಿತು. ಮುಲಾಮು ಮುಗಿದು ಎರಡು ದಿನವಾಗಿತ್ತು, ಮೂಗಿನೊಳಗೆ ಏನೂ ಉಳಿದಿರಲಿಕ್ಕಿಲ್ಲ ಎಂದುಕೊಂಡೆ. ಆದರೆ ಮುಲಾಮು ಹಚ್ಚಿದ್ದು ಒಳಗೆ, ಸವರಿದ್ದು ಹೊರಗೆ. ಎದುರಿನ ಚಹಾದಂಗಡಿಯಲ್ಲಿ ನೀರು ಕುದಿಯುತ್ತಿತ್ತು. ಅದರಲ್ಲಿ ಎರಡು ನಿಮಿಷ ಅದ್ದಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ಗಿಣಿ ಕತ್ತರಿ ತಂದುಬಿಟ್ಟರೆ ಎಂಬ ಧಾವಂತ ನನಗೆ. ಅಂಗಿಯ ತುದಿಗೆ ಒರೆಸಿ, ಕಾಗದದಲ್ಲಿ ಸುತ್ತಿ ಕಳಿಸಿದೆ.

ತಮ್ಮ ಕಾವಲಿನವನು ನನ್ನನ್ನು ಒಂಬತ್ತು ದಿನ ತಡೆದ. ಆ ಕೀಯನ್ನು ಒಂದು ಕ್ಷಣವೂ ತಡೆಯಲಿಲ್ಲ. ಬಾಗಿಲು ಕಾಯುವುದು ಎಂದರೇನು ಎಂದು ತಮಗಿಂತ ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು, ಆದ್ದರಿಂದ ಈ ವಿಷಯದಲ್ಲಿ ತಮ್ಮ ಮೇಲೆ ತಪ್ಪು ಹೊರಿಸುವುದಿಲ್ಲ.

ನನ್ನ ಹೆಂಡತಿ ಆ ಕೀಯನ್ನು ಸೀಟಿಯ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಗಾಜಿನಿಂದ ಅದನ್ನು ನೋಡಿ ನಾನು ಅವತ್ತು ಸಂಜೆ ರಾಜನ ಹಾಗೆ ಮನೆಗೆ ಹೋದೆ. ಬಾಚಣಿಗೆ ಗಿಣಿಯದಾದರೆ ಕೊರಳಿನ ಕೀ ನನ್ನದು. ನಾಲ್ಕನೆಯ ದಿನ ಗಾಯದ ಪಟ್ಟಿಯ ಅಂಚಿನಲ್ಲಿ ಕೆರೆತ ಶುರುವಾಯಿತಂತೆ. ಕೆರೆಯಬಾರದು ಎಂದು ನರ್ಸಮ್ಮ ಹೇಳಿದ್ದರು. ಗಿಣಿ ನೀರು ತರಲು ಹೋದಾಗ ನನ್ನ ಶಿಸ್ತಿನ ಹೆಂಗಸು ಕೊರಳಿನ ಕೀ ತೆಗೆದು, ಪಟ್ಟಿಯ ಕೆಳಗೆ ಮೆಲ್ಲಗೆ ತೂರಿಸಿ ಕೆರೆದುಕೊಂಡಳು. ಒಂದು ಸಲವಲ್ಲ, ಎರಡು ದಿನ. ಆರನೆಯ ದಿನ ಚಳಿ ಜ್ವರ ಬಂತು. ಪಟ್ಟಿ ಬಿಚ್ಚಿದರೆ ಹೊಲಿಗೆಯ ಸಾಲು ಕೆಂಪಗೆ ಊದಿಕೊಂಡು ಕೀವು ಕಟ್ಟಿತ್ತು. ಪರೀಕ್ಷೆಯಲ್ಲಿ ಬಂದ ಹೆಸರು ನನಗೆ ಆಗಲೇ ಪರಿಚಯವಿದ್ದ ಹೆಸರು.

ಅಲ್ಲಿಂದ ಮುಂದಿನದು ತಮ್ಮ ಕಚೇರಿಯ ಚುರುಕುತನದ ಕಥೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಏಳನೆಯ ದಿನ ಗಾಯ ತೊಳೆದರು. ನಮ್ಮಿಬ್ಬರ ಮೂಗಿಗೂ ಮತ್ತೆ ಕಡ್ಡಿ ಬಿತ್ತು. ಆಗಲೂ ಅವಳ ಮೂಗಿಗೆ ಬೀಳಲಿಲ್ಲ. ಒಂಬತ್ತನೆಯ ದಿನದ ಫಲಿತಾಂಶ ಓದಿ ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಮುಲಾಮಿನ ದಯೆಯಿಂದ ನನ್ನ ಮೂಗು ಶುದ್ಧ. ಗಿಣಿಯ ಮೂಗಿನಲ್ಲಿ ಸ್ಟ್ಯಾಫ್.

ಅವಳು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಾನೇ ಅಕ್ಕನಿಗೆ ಅಂಟಿಸಿದೆನೇನೋ ಎಂದು. ನನಗೆ ಮೊದಲು ಆದದ್ದು ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಸಂತೋಷದ ಬೆನ್ನಿಗೇ ಇನ್ನೊಂದು ಉರಿ ಹತ್ತಿತು. ಅವಳಿಗೆ ಇದು ಎಲ್ಲಿಂದ ಬಂತು? ಒಳಗೆ ಅವಳ ಹತ್ತಿರ ಇದ್ದದ್ದು ನನ್ನ ಹೆಂಡತಿ ಒಬ್ಬಳೇ. ಒಂದೇ ಲೋಟ, ಒಂದೇ ಬಾಚಣಿಗೆ, ಕಿವಿಗೆ ಕಿವಿ ತಾಗಿಸಿ ಮಾತು. ನನಗೂ ನನ್ನ ಹೆಂಡತಿಗೂ ಮಾತ್ರ ಸೇರಿದ್ದು ಏನಾದರೂ ಒಂದಿದ್ದರೆ ಅದು ಈ ಕ್ರಿಮಿ, ಮೂವತ್ತೊಂದು ವರ್ಷದ ದಾಂಪತ್ಯದ ಗಳಿಕೆ. ಅದನ್ನು ಇವಳು ವಾರ ತುಂಬುವ ಮೊದಲೇ ಪಡೆದುಬಿಟ್ಟಳು.

ತಮ್ಮ ವರದಿಯ ಪ್ರತಿ ನನ್ನ ಕೈಯಲ್ಲಿದೆ. ಎರಡು ಪುಟ. ‘ಸೋಂಕಿನ ಮೂಲ: ಜೊತೆಯವರ ಸಂಪರ್ಕ ಇರಬಹುದು’ ಎಂದಿದೆ. ಕೀಯ ವಿಷಯ ಅದರಲ್ಲಿಲ್ಲ, ಯಾರೂ ನನ್ನನ್ನು ಕೇಳಲಿಲ್ಲ. ಲ್ಯಾಬಿನ ಹುಡುಗಿಗೆ ನಾನೇ ಹೋಗಿ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಅವಳು ಕೈಗವಸು ಕಳಚಿ ಎದುರಿಗೆ ಕೂತಳು.

"ಕೀಯಿಂದಾನೂ ಬಂದಿರಬಹುದು ಸಾರ್, ಇಲ್ಲ ಅನ್ನಲ್ಲ. ಆದ್ರೆ ಇಂಥ ಗಾಯಕ್ಕೆ ಹೆಚ್ಚಿನ ಸಲ ಪೇಷೆಂಟಿನ ಸ್ವಂತ ಮೂಗಿಂದಾನೇ ಹೋಗಿರುತ್ತೆ. ಮೊದಲು ನೋಡಬೇಕಾಗಿದ್ದು ಮೇಡಂದು."

ಗಾಯದ ಬ್ಯಾಕ್ಟೀರಿಯಾವನ್ನೂ ಮೂಗಿನ ಬ್ಯಾಕ್ಟೀರಿಯಾವನ್ನೂ ಪಕ್ಕಪಕ್ಕ ಇಟ್ಟು ಎರಡೂ ಒಂದೇ ವಂಶದವೋ ಬೇರೆಯವೋ ಎಂದು ಪತ್ತೆಮಾಡುವ ಪರೀಕ್ಷೆ ಇದೆಯಂತೆ. ನನ್ನ ಮೊದಲ ಕಡ್ಡಿಯಿಂದ ಬೆಳೆಸಿದ್ದು ಇನ್ನೂ ತಮ್ಮ ಶೀತಪೆಟ್ಟಿಗೆಯಲ್ಲಿದೆಯಂತೆ, ಒಂದು ತಿಂಗಳು ಇಟ್ಟು ಆಮೇಲೆ ಎಸೆಯುತ್ತಾರಂತೆ. ತಿಂಗಳು ತುಂಬಲು ಇನ್ನು ಒಂದೇ ವಾರವಿದೆ. ಪರೀಕ್ಷೆ ಮಾಡಿಸಲು ತಮ್ಮ ಸಹಿ ಬೇಕು.

ಐದು ದಿನದಿಂದ ಹಸಿರು ಪಟ್ಟಿ ನನ್ನ ಮಣಿಕಟ್ಟಿನಲ್ಲಿದೆ. ಒಬ್ಬ ರೋಗಿಗೆ ಒಂದೇ ಪಟ್ಟಿ ಎಂಬ ನಿಯಮದಂತೆ ಗಿಣಿಯ ಕೈಯಿಂದ ಕತ್ತರಿಸಿ ತೆಗೆದು ನನಗೆ ಹೊಸದು ಕಟ್ಟಿದರು. ಗೆದ್ದವನಂತೆ ಒಳಗೆ ಹೋದೆ. ನನ್ನ ಹೆಂಡತಿ ಜ್ವರದಿಂದ ಒಣಗಿದ ತುಟಿ ತೆರೆದು ಕೇಳಿದ ಮೊದಲ ಮಾತು, "ಗಿಣಿ ಎಲ್ಲಿ?"

ಹೊರಗೆ, ಗಾಜಿನ ಆಚೆ ಎಂದೆ. ಅವಳು ಆ ಕಡೆ ಕತ್ತು ಹೊರಳಿಸಿದಳು. ಅಂಗೈ ಅಗಲದ ಗಾಜಿಗೆ ಗಿಣಿಯ ಮುಖ ಅಂಟಿಕೊಂಡಿತ್ತು. ಒಂಬತ್ತು ದಿನ ನನ್ನ ಮುಖ ಅಲ್ಲಿ ಹೇಗೆ ಕಾಣುತ್ತಿತ್ತೆಂದು ನನಗೆ ಆಗ ಗೊತ್ತಾಯಿತು. ಕನಿಕರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ದಿನ ಪೂರ್ತಿ ಅದನ್ನು ಅನುಭವಿಸಿದೆ. ಬೇಕೆಂದೇ ಗಾಜಿಗೆ ಕಾಣುವಂತೆ ಕುರ್ಚಿ ಎಳೆದುಕೊಂಡು ಕೂತೆ. ಹೆಂಡತಿಗೆ ಚಮಚದಲ್ಲಿ ನೀರು ಕುಡಿಸಿದೆ. ತಲೆ ಬಾಚಲು ಹೋದೆ. ಸಿಕ್ಕು ಎಳೆದು ಅವಳಿಗೆ ನೋವಾಯಿತು. ಗಾಜಿನ ಆಚೆ ಗಿಣಿ ಕೆಳಗಿಂದ ಮೇಲಕ್ಕೆ, ಕೆಳಗಿಂದ ಮೇಲಕ್ಕೆ ಎಂದು ಕೈಸನ್ನೆ ಮಾಡುತ್ತಿದ್ದಳು. ನೋಡಿಯೂ ನೋಡದವನ ಹಾಗೆ ಇದ್ದೆ.

ಮಾರನೆಯ ದಿನ ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಿತ್ತು. ಆಗ ಹೇಳಿಬಿಟ್ಟೆ. ಆ ಕೀಯನ್ನು ಮೂಗಿಗೆ ಸವರಿದ್ದೆ, ಕುದಿಯುವ ನೀರು ಎದುರಿಗೇ ಇದ್ದರೂ ಅದ್ದಲಿಲ್ಲ, ನಿನ್ನ ತಂಗಿಗಿಂತ ಮುಂಚೆ ಬೀಗ ತೆಗೆಯಬೇಕಿತ್ತು ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನೀವು ಎಲ್ಲಾ ಕೀನೂ ಮೂಗಿಗೆ ಸವರ್ತೀರಿ ಅಂತ ನಂಗೆ ಗೊತ್ತಿಲ್ವಾ? ಅದಕ್ಕೇ ಅಲ್ವಾ ಅದನ್ನ ಕೊರಳಿಗೆ ಹಾಕ್ಕೊಂಡಿದ್ದು. ನಿಮ್ಮದು ಅಂತ ಅಲ್ಲಿ ಬೇರೇನಿತ್ತು ನಂಗೆ?"

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹಿಂದಿನಿಂದ ಮತ್ತೆ ಅವಳ ದನಿ ಬಂತು.

"ಕೆರ್ಕೊಂಡಿದ್ದು ನನ್ನ ತಪ್ಪು, ಅದನ್ನ ನಿಮ್ಮ ತಲೆಗೆ ಕಟ್ಕೋಬೇಡಿ. ಗಿಣಿಗೂ ಹಂಗೇ ಹೇಳಿ. ಅವಳನ್ನ ಒಳಗೆ ಬಿಡಿಸ್ರಿ. ನಿಮಗೆ ಜಡೆ ಹಾಕೋಕೆ ಬರಲ್ಲ, ನಂಗೆ ಅವಳು ಬಾಚಿದ್ರೇನೇ ನಿದ್ದೆ ಬರೋದು."

ಮಾನ್ಯರೇ, ಒಬ್ಬ ಮನುಷ್ಯನ ಹೊಟ್ಟೆಕಿಚ್ಚಿಗೆ ಅರ್ಧ ನಿಮಿಷದಲ್ಲಿ ನೀರೂ ಎಣ್ಣೆಯೂ ಹೀಗೆ ಒಟ್ಟಿಗೆ ಬಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೂರು ದಿನ ಯೋಚಿಸಿದೆ. ಈ ಪತ್ರ ಅದರ ಫಲ.

ಮೊದಲನೆಯದಾಗಿ, ಶುಕ್ರವಾರದೊಳಗೆ ನನ್ನ ಹೆಂಡತಿಯ ಮೂಗು ನೋಡಿ. ಫಾರಂನಲ್ಲಿ ಕಾಲಂ ಇಲ್ಲದಿದ್ದರೆ ಉಗುರುಬಣ್ಣದ ಚೌಕದ ಪಕ್ಕ ಪೆನ್ನಿನಿಂದ ಒಂದು ಗೆರೆ ಎಳೆಯಿರಿ, ಪೆನ್ನು ನಾನು ತಂದುಕೊಡುತ್ತೇನೆ. ಕಡ್ಡಿಯ ಫಲಿತಾಂಶಕ್ಕೆ ಕಾಯದೆ ಇವತ್ತೇ ಮುಲಾಮು ಶುರುಮಾಡಬಹುದೇ ಎಂದು ತಮ್ಮ ವೈದ್ಯರನ್ನು ಕೇಳಿ. ಅವಳ ಮಂಡಿ ಉಳಿಯುವುದು ಬಿಡುವುದು ದೇವರಿಗೂ ತಮ್ಮ ವೈದ್ಯರಿಗೂ ಬಿಟ್ಟದ್ದು, ಆದರೆ ಎರಡನೆಯ ಸಲವೂ ಕಣ್ಣು ಮುಚ್ಚಿಕೊಂಡು ಕೊಯ್ಯಬೇಡಿ. ಇನ್ನು ಮುಂದೆ ಬರುವ ರೋಗಿಗಳ ಮೂಗುಗಳನ್ನೂ ಅವರ ನೆಂಟರದಕ್ಕಿಂತ ಮೊದಲು ನೋಡಿ.

ಶೀತಪೆಟ್ಟಿಗೆಯಲ್ಲಿರುವುದನ್ನು ಎಸೆಯುವ ಮೊದಲು ಆ ಪರೀಕ್ಷೆಗೆ ಸಹಿ ಹಾಕಿ. ಗಾಯದಲ್ಲಿ ಇರುವುದು ಅವಳದೇ ಮೂಗಿನದಾದರೆ, ಅದನ್ನು ಒಪ್ಪಿಕೊಂಡು ವರದಿ ತಿದ್ದಿ, ಒಬ್ಬ ಹೆಣ್ಣುಮಗಳು ಮೆಟ್ಟಿಲ ಮೇಲೆ ಕೂತು ಅಳುವುದು ನಿಲ್ಲಲಿ. ಗಿಣಿಯದಾದರೆ ಅವಳಿಗೆ ನಾನೇ ಹೇಳುತ್ತೇನೆ, ಬೇರೆ ಯಾರೂ ಹೇಳುವುದು ಬೇಡ. ನನ್ನದಾದರೆ ‘ಜೊತೆಯವರ ಸಂಪರ್ಕ’ ಎಂದು ಮರೆಮಾಚದೆ ಗಂಡನಿಂದ, ಒಂದು ಕೀಯ ಮೂಲಕ ಎಂದು ಬರೆಯಿರಿ, ಕೆಳಗೆ ನಾನು ಸಹಿ ಹಾಕುತ್ತೇನೆ.

ಕೊನೆಯದನ್ನು ಬರೆಯಲು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದುಹಾಕಿದ್ದೇನೆ. ಗಿಣಿಗೆ ಐದು ದಿನದ ಮುಲಾಮು ಕೊಟ್ಟು, ಹದಿನಾಲ್ಕು ದಿನ ಕಾಯಿಸದೆ ಬೇಗ ಪರೀಕ್ಷೆ ಮಾಡಿಸಿ ಅವಳನ್ನು ಒಳಗೆ ಬಿಡಿ. ಅಷ್ಟರವರೆಗೆ ಬಾಗಿಲು ಅರ್ಧ ತೆರೆದಿಟ್ಟು, ಅವಳು ಹೊರಗೆ ನಿಂತು ಹೇಳಿಕೊಟ್ಟಂತೆ ಜಡೆ ಹೆಣೆಯಲು ನನಗೆ ಅನುಮತಿ ಕೊಡಿ. ಆದರೆ ಅವಳಿಗೆ ಪಟ್ಟಿ ಕಟ್ಟುವಾಗ ನನ್ನ ಕೈಯದನ್ನು ಬಿಚ್ಚಬೇಡಿ. ಇನ್ನೊಂದು ಮಾಡಿಸಿ.

ಇಂತಿ,
ಸದ್ಯಕ್ಕೆ ಶುದ್ಧ ಮೂಗಿನ,
ಮನಸ್ಸು ಇನ್ನೂ ಅಷ್ಟು ಶುದ್ಧವಾಗದ,
ಹನ್ನೊಂದನೆಯ ಮಂಚದ ರೋಗಿಯ ಗಂಡ